ಯಾವ ‘ಆಯ್ತು’?

ಬರೆದಿಡದಿದ್ದರೆ ಒಂದು ಎಡವಟ್ಟು, ಬರೆದಿಟ್ಟರೆ ಇನ್ನೊಂದು. ನನ್ನ ಕೆಲಸದಲ್ಲಿ ಎರಡಕ್ಕೂ ಬರವಿಲ್ಲ.

ಜೆ.ಪಿ. ನಗರದ ಸಣ್ಣ ಇಂಟೀರಿಯರ್ ಕಂಪನಿಯೊಂದಕ್ಕೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಸೇರಿದಾಗ, ನಾನು ಅದುವರೆಗೆ ಮ್ಯಾನೇಜ್ ಮಾಡಿದ್ದು ಅಕ್ಕನ ಮದುವೆಯ ಹೂವನ್ನು ಮಾತ್ರ. ಅದೂ ತಡವಾಗಿ ಬಂದಿತ್ತು. ಮೊದಲ ಪ್ರಾಜೆಕ್ಟು, ಸಾರಕ್ಕಿಯ ಹಳೇ ಮನೆಯೊಂದರ ಕೆಳಮಹಡಿಯನ್ನು ಪುಟ್ಟ ಮಕ್ಕಳ ಪ್ಲೇ ಹೋಮ್ ಮಾಡುವುದು.

“ನೋಡಮ್ಮ, ಪ್ರತಿಯೊಂದನ್ನೂ ಬರೆದಿಡು,” ಅಂದರು ಬಾಸ್. “ಒಂದನೇ ತಾರೀಖು ಮಕ್ಕಳು ಬರ್ತಾರೆ. ಅಷ್ಟರಲ್ಲಿ ರೆಡಿ ಆದ್ರೆ ನಿನ್ನ ಕೆಲಸ ಪರ್ಮನೆಂಟು. ಇಲ್ಲಾಂದ್ರೆ...”

ಅಷ್ಟಕ್ಕೇ ನಿಲ್ಲಿಸಿದರು. ನಾನು ನೋಟ್‌ಬುಕ್ಕಿನಲ್ಲಿ ‘ಇಲ್ಲಾಂದ್ರೆ’ ಎಂದು ಬರೆದು ಮೂರು ಚುಕ್ಕಿಯನ್ನೂ ಇಟ್ಟೆ.

೧. ಇಪ್ಪತ್ತೆರಡು ಪುಟ

ಎರಡು ಭಾನುವಾರ ಹಾಳುಮಾಡಿಕೊಂಡು ಯಾವ ಕೆಲಸ ಯಾವತ್ತು, ಹೇಗೆ ಎಂಬ ಇಪ್ಪತ್ತೆರಡು ಪುಟದ ಡಾಕ್ಯುಮೆಂಟ್ ತಯಾರಿಸಿದೆ. ಇಂಗ್ಲಿಷಿನಲ್ಲಿ, ಬಣ್ಣದ ಚಾರ್ಟುಗಳ ಸಮೇತ. ಪ್ರಿಂಟ್ ಕೊಟ್ಟಾಗ ಕಾರ್ಪೆಂಟರ್ ಅಣ್ಣ ಎರಡೂ ಕೈ ಚಾಚಿ ತೆಗೆದುಕೊಂಡರು. ನನಗೆ ಎದೆ ಉಬ್ಬಿತು.

ವಾರ ಬಿಟ್ಟು ಕೇಳಿದೆ, “ಉಪಯೋಗ ಆಗ್ತಿದೆಯಾ ಅಣ್ಣ?”

“ಸಖತ್ತಾಗಿದೆ ಮೇಡಂ. ಇನ್ನೊಂದು ಸೆಟ್ ಇದ್ರೆ ಕೊಡಿ, ಹಿಂದ್ಗಡೆ ಎಲ್ಲಾ ತುಂಬೋಯ್ತು.”

ತಿರುಗಿಸಿ ನೋಡಿದೆ. ಗೋಡೆ, ಕಿಟಕಿ, ಮೂಲೆ, ಒಂದೊಂದರ ಅಳತೆಯನ್ನೂ ಪುಟಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದರು. ನಾನು ಬರೆದ ಬದಿಯಲ್ಲಿ ಮಾತ್ರ ಒಂದು ಬೆರಳಿನ ಗುರುತೂ ಇರಲಿಲ್ಲ.

೨. ಯಾರ ಸೊಂಟ?

ಕೈ ತೊಳೆಯುವ ಬೇಸಿನ್ ಸೊಂಟದ ಎತ್ತರಕ್ಕಿರಲಿ ಎಂದು ಈ ಸಲ ಕನ್ನಡದಲ್ಲೇ ಬರೆದುಕೊಟ್ಟೆ. ಪ್ಲಂಬರ್ ಆರಡಿ ಆಳು. ಹೋಗಿ ನೋಡಿದರೆ ಬೇಸಿನ್ ಹೆಚ್ಚುಕಡಿಮೆ ನನ್ನ ಎದೆಮಟ್ಟಕ್ಕಿದೆ.

“ಮಕ್ಕಳು ಹೆಂಗೆ ಕೈ ತೊಳೀತಾರೆ?” ಎಂದು ರೇಗಿದೆ.

“ಚೀಟಿಲಿ ಸೊಂಟ ಅಂತಿದೆ ಮೇಡಂ. ಯಾರ ಸೊಂಟ ಅಂತ ಎಲ್ಲಿದೆ?”

ಹುಡುಕಿದೆ. ಎಲ್ಲೂ ಇರಲಿಲ್ಲ. ಮನೆ ಓನರ್, ಹಿಂದೆ ಇದೇ ಜಾಗದಲ್ಲಿ ಸೊಪ್ಪು ಬೆಳೆಯುತ್ತಿದ್ದ ಅಜ್ಜ, ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಎದ್ದು ಹೋಗಿ ಮೂರು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಬಂದು ಗೋಡೆಗೆ ನಿಲ್ಲಿಸಿದರು. “ತಗೋಳಮ್ಮ, ಇದು ಸೊಂಟ.”

ಬೇಸಿನ್ ಅಲ್ಲಿಗೇ ಇಳಿಯಿತು. ಅವತ್ತಿನಿಂದ ನನ್ನ ಡಾಕ್ಯುಮೆಂಟಿನಲ್ಲಿ ಅಳತೆಗೆ ಆಧಾರ: ಓನರ್ ಮೊಮ್ಮಗಳು, ಚಪ್ಪಲಿ ಬಿಟ್ಟು.

೩. ಶೀಟ್ ಪೂರ್ತಿ ಹಸಿರು

ಆಮೇಲಿನ ವಾರ ನಾನು ಆಫೀಸಿನಲ್ಲೇ ಕೂತು ಡಾಕ್ಯುಮೆಂಟನ್ನು ಚಂದ ಮಾಡಿದೆ. ದಿನಾ ಬೆಳಿಗ್ಗೆ ಕಾರ್ಪೆಂಟರ್‌ಗೆ ಒಂದು ಫೋನು.

“ಅಣ್ಣ, ಕಿಟಕಿಗೆ ಸೊಳ್ಳೆ ಮೆಶ್?”

“ಆಯ್ತು ಮೇಡಂ.”

“ಮಕ್ಕಳ ಬ್ಯಾಗ್ ಇಡೋ ಶೆಲ್ಫು?”

“ಆಯ್ತು ಮೇಡಂ.”

ಅವರ ಬಾಯಿಂದ ಬಂದದ್ದನ್ನು ಹಾಗೇ ಬರೆದೆ: ಆಯ್ತು, ಆಯ್ತು, ಆಯ್ತು. ಮುಗಿದ ಕೆಲಸಕ್ಕೆ ಹಸಿರು ಬಣ್ಣ. ಶೀಟ್ ಪೂರ್ತಿ ಹಸಿರು. ಬಾಸ್ ಖುಷಿಯಾಗಿ, ಒಂದನೇ ತಾರೀಖಿಗೆ ಐದು ದಿನ ಮೊದಲೇ ಪ್ಲೇ ಹೋಮಿನ ಟೀಚರನ್ನು ಕರೆದುಕೊಂಡು ಸೈಟಿಗೆ ಬಂದರು. ನಾನೂ ಹೋದೆ. ಮೆಶ್ ಇಲ್ಲ, ಶೆಲ್ಫ್ ಇಲ್ಲ.

“ಆಯ್ತು ಅಂದ್ರಲ್ಲ ಅಣ್ಣ!”

“ನೀವು ಹೇಳಿದ್ರಿ, ಮಾಡ್ತೀನಿ ಅಂತ ಆಯ್ತು ಅಂದೆ. ಮಾಡಿ ಆಯ್ತು ಅಂತ ಯಾವಾಗ ಅಂದೆ?”

ಬಾಸ್ ನನ್ನನ್ನೇ ನೋಡಿದರು. ಆ ಮೂರು ಚುಕ್ಕಿ ಅವರ ಮುಖದಲ್ಲೇ ಕಂಡವು. ನನಗೆ ಅಳು ಬರುವುದೊಂದೇ ಬಾಕಿ.

ಟೀಚರ್ ಹೋದ ಮೇಲೆ ಕಾರ್ಪೆಂಟರ್ ನನ್ನ ಇಪ್ಪತ್ತೆರಡು ಪುಟ ತಂದು ಹಿಂಬದಿ ತೋರಿಸಿದರು. “ಅಳತೆ ಎಲ್ಲಾ ರೆಡಿ ಇದೆ, ಪ್ಲೈವುಡ್ ಕೊಯ್ಯೋದಷ್ಟೇ. ಹೆದರ್ಕೋಬೇಡಿ ಮೇಡಂ.”

ಹಸಿರು ಶೀಟನ್ನು ಹರಿದು ಬಿಸಾಕಿದೆ. ನೋಟ್‌ಬುಕ್ಕಿನಲ್ಲಿ ಎರಡೇ ಕಾಲಂ ಎಳೆದೆ: ‘ಆಯ್ತು, ಮಾಡ್ತೀನಿ’, ‘ಆಯ್ತು, ಮುಗೀತು’. ಐದು ದಿನ ಸೈಟಿನಲ್ಲೇ ಠಿಕಾಣಿ ಹೂಡಿ, ಕಣ್ಣಾರೆ ನೋಡಿದ ಮೇಲೆಯೇ ಟಿಕ್ ಹಾಕಿದೆ.

ಒಂದನೇ ತಾರೀಖು ಮಕ್ಕಳು ಬಂದರು. ಶೆಲ್ಫಿನಲ್ಲಿ ಬ್ಯಾಗಿಟ್ಟು, ಬೇಸಿನ್‌ಗೆ ಮುತ್ತಿ, ಬಾಸ್ ಪ್ಯಾಂಟಿನ ಮೇಲೆಲ್ಲಾ ನೀರು ಚಿಮ್ಮಿಸಿದರು. ಆದರೂ ಬಾಸ್ ನಗುತ್ತಿದ್ದರು. ಇದೇ ಸಮಯ ಅಂದುಕೊಂಡೆ.

“ಸಾರ್, ನನ್ನ ಪರ್ಮನೆಂಟ್ ವಿಷಯ...”

“ಆಯ್ತಮ್ಮ, ಆಯ್ತು.”

ನಾನು ನೋಟ್‌ಬುಕ್ ಬಿಚ್ಚಿ ಮುಂದೆ ಹಿಡಿದೆ. “ಸಾರ್, ಇದರಲ್ಲಿ ಯಾವ ಆಯ್ತು?”

ಬಾಸ್ ಎರಡೂ ಕಾಲಂ ಓದಿದರು. ಕಾರ್ಪೆಂಟರ್ ಕಿವಿಯ ಮೇಲಿದ್ದ ಪೆನ್ಸಿಲ್ ಕಿತ್ತುಕೊಂಡು ಎರಡನೇ ಕಾಲಂನಲ್ಲಿ ಟಿಕ್ ಹಾಕಿದರು.

ಕಾರ್ಪೆಂಟರ್ ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದರು, “ಸೈನೂ ಹಾಕಿಸ್ಕೊಳ್ಳಿ ಮೇಡಂ. ಬರೀ ಟಿಕ್ಕು ನಾನೂ ಹಾಕ್ತೀನಿ.”