ಬ್ರೋಮೈಡ್ ಕುಡಿದ ನಾಯಿಗಳು

ಚಿಕ್ಕೋಡಿಯ ಒಬ್ಬ ಪಶುವೈದ್ಯರ ಬಳಿ ನಾನು ಕಂಪೌಂಡರ್. ಫಿಟ್ಸ್ ಬರುವ ನಾಯಿಗಳಿಗೆ ನಮ್ಮ ಡಾಕ್ಟರು ಪೊಟ್ಯಾಸಿಯಂ ಬ್ರೋಮೈಡ್ ಬರೆಯುತ್ತಾರೆ. ನೋಡಲು ಅಡುಗೆ ಉಪ್ಪಿನಂಥ ಬಿಳಿ ಪುಡಿ. ನೀರಲ್ಲಿ ಕರಗಿಸಿ ಬಾಟಲಿಗೆ ತುಂಬುವುದು ನನ್ನ ಕೆಲಸ. ನಾಯಿಗಳು ತೆಪ್ಪಗೆ ಕುಡಿದು ಹೋಗುತ್ತವೆ. ನಮ್ಮನ್ನು ಪೇಚಿಗೆ ಸಿಕ್ಕಿಸುವವರು ಅವುಗಳ ಜೊತೆ ಬಂದವರು.

೧. ಸ್ಟುಡಿಯೊದವರು

ನಿಪ್ಪಾಣಿಯ ಹಳೆಯ ಫೋಟೊ ಸ್ಟುಡಿಯೊ ಮಾಲೀಕರೊಬ್ಬರು ತಮ್ಮ ಕರಿ ನಾಯಿಯನ್ನು ತಂದಿದ್ದರು. ಬಾಟಲಿಯ ಚೀಟಿ ಓದಿ ಹುಬ್ಬೇರಿಸಿದರು.

"ಇದನ್ನ ನಾವು ಡಾರ್ಕ್‌ರೂಮಿನ್ಯಾಗ ಡೆವಲಪರಿಗೆ ಹಾಕ್ತಿದ್ವಿ. ಫೋಟೊ ಕರ್ರಗಾಗೂದು ತಡೀತಿತ್ತು."

ಒಂದು ಗಳಿಗೆ ನಾಯಿಯನ್ನೇ ನೋಡಿ ಕೇಳಿದರು, "ಇದು ಕರೀನ ಉಳೀತೈತಿ, ಹೌದಲ್ರಿ?"

೨. ಮಾಲೆ

ಔಷಧ ಶುರುವಾದ ಹೊಸತರಲ್ಲಿ ಕೆಲವು ನಾಯಿಗಳು ತೂರಾಡುತ್ತವೆ. ಅಕ್ಕೋಳದ ರೈತರೊಬ್ಬರು ತುಳಸಿ ಮಾಲೆ ಹಾಕಿದವರು, ಪಂಢರಪುರಕ್ಕೆ ನಡೆದು ಹೋಗುವವರು, ಹೆಂಡ ಮುಟ್ಟಿದವರಲ್ಲ. ಅವರ ನಾಯಿಯೂ ಹಾಗೇ ತೂರಾಡತೊಡಗಿತು.

"ಮಾಲಿ ಹಾಕ್ಕೊಂಡು ನಾಯಿಗೆ ಕುಡಸಾಕತ್ತೀರೇನು ಅಂತ ಮಂದಿ ಕೇಳ್ತಾರ್ರಿ," ಎಂದು ನೊಂದುಕೊಂಡರು.

ಡಾಕ್ಟರು ಡೋಸ್ ಇಳಿಸಿದರು. ಕೆಲವು ವಾರಗಳ ನಂತರ ನಾಯಿ ನೆಟ್ಟಗೆ ನಡೆದು ಬಂತು. ಅದರ ಕೊರಳಲ್ಲೂ ತುಳಸಿ ಮಾಲೆ.

"ಇದ್ಯಾಕ್ರಿ?" ಎಂದೆ.

"ಕುಡಿಯೂದು ಬಿಟ್ಟೈತಿ ಅಂತ ಊರಿಗೆ ಗೊತ್ತಾಗಬೇಕಲ್ರಿ."

೩. ನಿಯತ್ತು

ರಾಯಬಾಗದ ಒಬ್ಬ ಅಜ್ಜಿಯ ನಾಯಿಗೆ ಮಾತ್ರ ಔಷಧ ಹತ್ತಲೇ ಇಲ್ಲ. ಉಪ್ಪು ಹೆಚ್ಚು ತಿಂದರೆ ಬ್ರೋಮೈಡ್ ಮೂತ್ರದಲ್ಲಿ ಹರಿದುಹೋಗುತ್ತದೆ. ವಿಚಾರಿಸಿದರೆ, ಮಗ ಸಪ್ಪನೆಯ ರೊಟ್ಟಿ ಹಾಕಿ ಹೋದ ಮೇಲೆ ಅಜ್ಜಿ ಅದರ ಮೇಲೆ ಉಪ್ಪು ಉದುರಿಸುತ್ತಿದ್ದಳು.

"ನಮ್ಮನಿ ಉಪ್ಪು ತಿನ್ನಲಾರದ ನಾಯಿಗೆ ನಿಯತ್ತು ಎಲ್ಲಿಂದ ಬರತೈತ್ರಿ?"

"ಹಿಂಗ ಉಪ್ಪು ಹಾಕಿದ್ರ ಒಂದಿನ ಫಿಟ್ಸ್‌ನ್ಯಾಗ ಸಾಯತೈತಿ, ಯವ್ವಾ," ಎಂದರು ಡಾಕ್ಟರು.

ಅಜ್ಜಿಯ ಕಣ್ಣು ತುಂಬಿತು. ನನಗೂ ಅಯ್ಯೋ ಅನಿಸಿತು. ಒಂದೇ ತಿಂಗಳು ನೋಡುವುದು, ನಿಯತ್ತು ಕೆಟ್ಟರೆ ಮತ್ತೆ ಉಪ್ಪು, ಎಂಬ ಕರಾರಿನ ಮೇಲೆ ಒಪ್ಪಿದಳು.

ತಿಂಗಳಾದ ಮೇಲೆ ಮನೆಗೆ ಹೋದೆವು. ಫಿಟ್ಸ್ ಒಂದೂ ಬಂದಿರಲಿಲ್ಲ. ಆದರೆ ನಾಯಿ ನಮ್ಮನ್ನು ನೋಡಿ ಬೊಗಳಲೂ ಇಲ್ಲ. ಅಜ್ಜಿಯ ಮುಖ ಬಾಡಿತು. ಆದರೂ ಮರ್ಯಾದೆಗೆ ಕಡಿಮೆ ಮಾಡದೆ ನಮ್ಮ ಮುಂದೆ ರೊಟ್ಟಿ ಇಟ್ಟಳು. ಈ ಔಷಧ ಕುಡಿಯುವ ನಾಯಿಗಳಿಗೆ ವಿಪರೀತ ಹಸಿವು. ನಾನು ರೊಟ್ಟಿಗೆ ಕೈ ಚಾಚಿದ್ದೇ ತಡ, ನಾಯಿ ಹಾರಿ ಬಂದು ಪ್ಯಾಂಟು ಕಚ್ಚಿ ಹಿಡಿಯಿತು.

"ನೋಡ್ರಿ, ಮನಿ ರೊಟ್ಟಿ ಹೊರಗಿನವ್ರಿಗೆ ಮುಟ್ಟಗೊಡವಲ್ತು," ಎಂದು ಅಜ್ಜಿ ಅರಳಿದಳು. "ಉಪ್ಪು ಬ್ಯಾಡ ಬಿಡ್ರಿ."

ಅದು ನಿಯತ್ತಲ್ಲ, ಹಸಿವು ಎಂದು ಹೇಳಲು ನಾನು ಬಾಯಿ ತೆರೆದೆ. ನಾಯಿ ಹಿಡಿಯದೆ ಬಿಟ್ಟಿದ್ದ ಇನ್ನೊಂದು ಕಾಲನ್ನು ಡಾಕ್ಟರು ತುಳಿದರು.