ಗತ್ತಿನಕ್ಕನ ದನಿ

ಆ ಊರಿನಲ್ಲಿ ಯಾರು ಎಲ್ಲಿಗೆ ಫೋನ್ ಮಾಡಿ ಕಾಯುತ್ತ ಕೂತರೂ ಅವರ ಕಿವಿಗೆ ಜೇನು ಸುರಿಯುತ್ತಿದ್ದವಳು ಇವಳೇ. "ದಯವಿಟ್ಟು ನಿರೀಕ್ಷಿಸಿ, ನಿಮ್ಮ ಕರೆ ನಮಗೆ ಅಮೂಲ್ಯ" ಎಂಬ ದನಿ ಇವಳದು. ಆಸ್ಪತ್ರೆಯ ಲಿಫ್ಟಿನಲ್ಲಿ "ಎರಡನೇ ಮಹಡಿ" ಎನ್ನುವವಳೂ ಇವಳೇ. ಹಾಗಾಗಿ ಅಕ್ಕಪಕ್ಕದವರು ಇವಳಿಗಿಟ್ಟ ಹೆಸರು 'ದಯವಿಟ್ಟು ಮೇಡಂ'. ಹೆಸರಿಟ್ಟವರು ಯಾರೂ ಬೆಳಿಗ್ಗೆ ಏಳೂವರೆಗೆ ಇವಳ ಮನೆಯ ಬಾಗಿಲು ತಟ್ಟಿದವರಲ್ಲ.

"ನಾನು ಗ್ಯಾಸ್ ಆಫೀಸಿಗೆ ಸುಮ್ ಸುಮ್ನೆ ಫೋನ್ ಮಾಡ್ತೀನಿ," ಎನ್ನುತ್ತಿದ್ದ ಗಂಡ. "ನನ್ನ ಹೆಂಡತಿ ನನ್ನ ಹತ್ರ ಮೆತ್ತಗೆ ಮಾತಾಡೋದು ಅಲ್ಲೊಂದೇ ಕಡೆ."

"ಅಲ್ಲಿ 'ಒಂದನ್ನು ಒತ್ತಿ' ಅಂದ್ರೆ ಒತ್ತುತ್ತೀರಲ್ಲ, ಅದಕ್ಕೆ. ಇಲ್ಲಿ ಹಾಸಿಗೆ ಮೇಲಿನ ಒದ್ದೆ ಟವೆಲ್ ಎತ್ತಿ ಅಂತ ಮೂರು ದಿನದಿಂದ ಹೇಳ್ತಿದ್ದೀನಿ. ಎತ್ತಿದ್ರಾ?"

(ಇಬ್ಬರದೂ ನ್ಯಾಯವೇ.)

ಆದರೆ ಇವಳ ಎದೆಯಲ್ಲಿ ಮುಳ್ಳಾಗಿ ಕೂತಿದ್ದು ಟವೆಲ್ ಅಲ್ಲ, ಮಗಳು. ಎರಡನೇ ಕ್ಲಾಸಿನ ಆ ಹುಡುಗಿ ಶಾಲೆಯಲ್ಲಿ ದಿನಾ ಎರಡು ಬ್ಯಾಗ್ ಹೊರುತ್ತಿದ್ದಳು: ಒಂದು ತನ್ನದು, ಇನ್ನೊಂದು ಕ್ಲಾಸಿನ ಇನ್ನೊಬ್ಬ ಹುಡುಗಿಯದು. ಆ ಇನ್ನೊಬ್ಬಳಿಗೆ ಇವಳು ಮನಸ್ಸಿನಲ್ಲೇ 'ಮಹಾರಾಣಿ' ಎಂದು ಬಿರುದು ಕೊಟ್ಟಿದ್ದಳು. ಮಹಾರಾಣಿ ಮಗಳ ಬಿಸ್ಕತ್ತು ತಿನ್ನುತ್ತಿದ್ದಳು, ಬಣ್ಣದ ಪೆನ್ಸಿಲ್ ಮುರಿಯುತ್ತಿದ್ದಳು, 'ಮಂಕುದಿಣ್ಣೆ' ಎಂದು ಕರೆಯುತ್ತಿದ್ದಳು. ಕೇಳಿದರೆ ಮಗಳದು ಒಂದೇ ಉತ್ತರ: "ಅವಳು ನನ್ನ ಫ್ರೆಂಡು ಅಮ್ಮ."

"ಫ್ರೆಂಡಂತೆ ಫ್ರೆಂಡು! ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ? ಬೇಡ ಅನ್ನೋಕೆ ಬರಲ್ವಾ? ಥೂ, ಮಣ್ಣಿನ ಮುದ್ದೆ ಕಣೇ ನೀನು!" ಎಂದು ಇವಳು ಮಗಳಿಗೆ ಆತ್ಮಗೌರವದ ಪಾಠ ಹೇಳಿಕೊಡುತ್ತಿದ್ದಳು.

ಆಗಲೇ ಬಂತು ದನಿ ಕೊಡುವ ಹೊಸದೊಂದು ಕೆಲಸ. ಶಾಲೆಗಳಿಗೆಂದು ತಯಾರಾದ ವಿಡಿಯೋ ಗೇಮ್, 'ಕಾಟಕ್ಕೆ ಕೆಂಪು'. ಆಟದೊಳಗಿನ ಶಾಲೆಯಲ್ಲಿ ಗತ್ತಿನಕ್ಕ ಎಂಬ ದೊಡ್ಡ ಹುಡುಗಿ ಚಿಕ್ಕವರನ್ನು ಗೋಳುಹೊಯ್ದುಕೊಳ್ಳುತ್ತಾಳೆ. ಅವಳ ಮಾತು ಕೇಳಿದ ಮಗು, ಅದು ಕಾಟ ಎನಿಸಿದರೆ ಕೆಂಪು ಗುಂಡಿ ಒತ್ತಬೇಕು, ಸರಿ ಎನಿಸಿದರೆ ಹಸಿರು. ಕೆಂಪು ಒತ್ತಿದ ಕೂಡಲೇ ಅಳಿಲೊಂದು ಬಂದು, ಕೈ ಮುಂದೆ ಚಾಚಿ "ನಿಲ್ಲಿಸು, ನನಗಿದು ಇಷ್ಟವಿಲ್ಲ" ಎಂದು ಗಟ್ಟಿಯಾಗಿ ಹೇಳುವುದನ್ನೂ, ಓಡಿಹೋಗಿ ದೊಡ್ಡವರಿಗೆ ತಿಳಿಸುವುದನ್ನೂ ಕಲಿಸುತ್ತದೆ.

ಅಳಿಲಿನ ದನಿ ತನಗೇ ಎಂದುಕೊಂಡು ಇವಳು ಬಿಸಿನೀರು ಕುಡಿದು, ಗಂಟಲನ್ನು ಬೆಣ್ಣೆ ಮಾಡಿಕೊಂಡು ಸ್ಟುಡಿಯೋಗೆ ಹೋಗಿದ್ದಳು. ಅಳಿಲು ಆಗಲೇ ಮೂಗಿನಲ್ಲಿ ಮಾತಾಡುವ ಕಾಲೇಜು ಹುಡುಗಿಯೊಬ್ಬಳ ಪಾಲಾಗಿತ್ತು. ಉಳಿದಿದ್ದು ಗತ್ತಿನಕ್ಕ.

ಗಾಜಿನಾಚೆ ರೆಕಾರ್ಡಿಂಗ್ ಮಾಡುವವನು ಒಂಬತ್ತನೇ ಸಲ ತಲೆ ಅಲ್ಲಾಡಿಸಿದ. "ಮೇಡಂ, ಬೈತಿದ್ದೀರೋ, ಲಿಫ್ಟ್ ಬಾಗಿಲು ತೆಗೀತಿದ್ದೀರೋ? ಸ್ವಲ್ಪ ಚುಚ್ಚಿ ಮೇಡಂ."

ಇವಳು ಕಣ್ಣು ಮುಚ್ಚಿದಳು. ಏಳೂವರೆ. ಮಗಳ ಒಂದೇ ಕಾಲಿಗೆ ಸಾಕ್ಸ್. ಒಲೆಯ ಮೇಲೆ ಉಕ್ಕುತ್ತಿರುವ ಹಾಲು. ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಏಯ್ ಬಸವನಹುಳು! ಎಷ್ಟು ಸಲ ಬಡ್ಕೊಳ್ಳೋದು? ಕಿವಿ ಏನು ಅಲಂಕಾರಕ್ಕೆ ಇಟ್ಕೊಂಡಿದ್ಯಾ? ನಿನ್ನಂಥವಳನ್ನ ಯಾರು ಸೇರಿಸ್ಕೋತಾರೆ!"

ಗಾಜಿನಾಚೆಯವನು ಹೆಡ್‌ಫೋನ್ ತೆಗೆದು ಎದ್ದು ನಿಂತ. "ಅಬ್ಬಬ್ಬಾ! ಮೈ ಜುಮ್ ಅಂತು. ಎಲ್ಲಿ ಕಲಿತ್ರಿ ಮೇಡಂ?"

"ಹೀಗೇ... ದೇವರು ಕೊಟ್ಟಿದ್ದು," ಎಂದಳು ಇವಳು ವಿನಯದಿಂದ. ಹನ್ನೆರಡು ಮಾತುಗಳು ಒಂದೇ ಉಸಿರಿಗೆ ಮುಗಿದವು. (ಬರೆದುಕೊಟ್ಟಿದ್ದು ಏಳೇ. ಉಳಿದ ಐದು ಕಲಾವಿದೆಯ ಸ್ವಂತ ಕೊಡುಗೆ.)

ಮಗಳ ಶಾಲೆಗೆ ಆ ಆಟ ತರಿಸಲು ಇವಳು ಚಪ್ಪಲಿ ಸವೆಸಿದಳು. ತಾನು ಹೇಳಿದ್ದು ತಲೆಗೆ ಹೋಗದಿದ್ದರೆ ಆಟವಾದರೂ ಕಲಿಸಲಿ, ಮಗಳು ಮಹಾರಾಣಿಯ ಮುಖಕ್ಕೆ ಒಂದೇ ಒಂದು ಸಲ 'ನಿಲ್ಲಿಸು' ಅಂದರೆ ಸಾಕು ಎಂಬುದು ಇವಳ ಆಸೆ. ದನಿಯ ಗುಟ್ಟನ್ನು ಮಾತ್ರ ಶಾಲೆಯವರಿಗಾಗಲಿ, ಮಗಳಿಗಾಗಲಿ ಹೇಳಲಿಲ್ಲ.

ಆಟದ ದಿನ ತಾಯಂದಿರನ್ನೂ ಕರೆದಿದ್ದರು. ಕಂಪ್ಯೂಟರ್ ಕೋಣೆಯ ಹಿಂದೆ, ಮೊಣಕಾಲು ಗಲ್ಲಕ್ಕೆ ತಾಗುವಂಥ ಪುಟ್ಟ ಕುರ್ಚಿಗಳಲ್ಲಿ ಸಾಲಾಗಿ ಕೂರಿಸಿದ್ದರು. ಗತ್ತಿನಕ್ಕ ಬಾಯಿ ಬಿಟ್ಟಳು. ಇಬ್ಬರು ಮಕ್ಕಳು ಬೆಚ್ಚಿದರು, ಒಬ್ಬಳು ಅತ್ತೇಬಿಟ್ಟಳು.

"ಎಂಥ ರಾಕ್ಷಸಿ ದನಿ ಕಣ್ರೀ!" ಎಂದಳು ಪಕ್ಕದ ಕುರ್ಚಿಯ ತಾಯಿ. ಇವಳು ಪ್ರಶಸ್ತಿ ಬಂದವಳಂತೆ ತಲೆ ತಗ್ಗಿಸಿದಳು.

ಎದುರಿನ ದೊಡ್ಡ ಪರದೆಯಲ್ಲಿ ಅಂಕಗಳು ಮೂಡಿದವು. ಮಹಾರಾಣಿಗೆ ಹನ್ನೆರಡಕ್ಕೆ ಹನ್ನೆರಡು. (ಕಸುಬು ಬಲ್ಲವರಿಗೆ ಕಷ್ಟವೇ?) ಇವಳ ಮಗಳಿಗೆ ಸೊನ್ನೆ. ಹನ್ನೆರಡು ಸಲವೂ ಹಸಿರು.

"ಗುಂಡಿ ಅದಲು ಬದಲಾಯ್ತಾ ಪುಟ್ಟಾ? ಕೆಂಪು ಯಾಕೆ ಒತ್ತಲಿಲ್ಲ?" ಎಂದರು ಮಿಸ್.

ಮಗಳಿಗೆ ನಗು ತಡೆಯಲಾಗಲಿಲ್ಲ. "ಮಿಸ್, ಅದು ಕಾಟ ಅಲ್ಲ. ಅದು ನಮ್ಮಮ್ಮ!"

ತಾಯಂದಿರ ಸಾಲು ಒಟ್ಟಿಗೆ ಇವಳತ್ತ ತಿರುಗಿತು. ಪಕ್ಕದವಳು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡಳು.

"ಲೇಟಾದ್ರೆ ಅಮ್ಮ ಹಾಗೇ ಮಾತಾಡೋದು ಮಿಸ್. ನಮ್ಮವರು ಅಂತ ಇದ್ರೆ ತಾನೇ ಬೈಯೋದು ಅಂತ ಅವಳೇ ಹೇಳಿದ್ದಾಳೆ. ಬೇರೆಯವರ ಹತ್ರ ಮೆತ್ತಗೇ ಮಾತಾಡ್ತಾಳೆ."

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು, ಇವಳ ಸೊಂಟ ಹಿಡಿದುಕೊಂಡು ಮಗಳು ಇನ್ನೂ ಒಂದು ಮಾತು ಹೇಳಿದಳು. "ಅವಳೂ ನನ್ನೊಬ್ಬಳ ಹತ್ರಾನೇ ಅಮ್ಮ ಹಂಗೆ ಮಾತಾಡೋದು. ಅದಕ್ಕೇ ಫ್ರೆಂಡು ಅಂತ ಗೊತ್ತಾಗಿದ್ದು."

ಇವಳ ಕೈ ತಾನಾಗಿ ಬ್ರೇಕ್ ಹಿಡಿಯಿತು. ಹಿಂದಿನ ಬಸ್ಸಿನವನು ಬೈದ. ಆತನೂ ನಮ್ಮವನೇ ಇರಬೇಕು.

ಸಂಜೆ ಗಂಡ ಎಲ್ಲ ಕೇಳಿಸಿಕೊಂಡ. "ಸೊನ್ನೆ ಬಂದಿದ್ದು ಯಾರಿಗೆ?" ಎಂದ.

"ಮಗಳಿಗೆ."

"ಓ, ಸರಿ ಸರಿ," ಎಂದು ಒದ್ದೆ ಟವೆಲನ್ನು ತಾನಾಗಿಯೇ ಎತ್ತಿ ಒಣಗಲು ಹಾಕಿದ. ಅದು ಇವಳಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಮಾರನೆಯ ಬೆಳಿಗ್ಗೆ ಏಳೂವರೆಗೆ ಇವಳು ಗ್ಯಾಸ್ ಆಫೀಸಿನ ಜೇನನ್ನೆಲ್ಲ ನಾಲಿಗೆಗೆ ತಂದುಕೊಂಡಳು. "ಪುಟ್ಟಾ, ಇನ್ನೊಂದು ಸಾಕ್ಸ್ ಹಾಕ್ಕೊಳ್ಳಮ್ಮಾ, ದಯವಿಟ್ಟು."

ಸ್ನಾನದ ಮನೆಯಿಂದ ಗಂಡ ಇಣುಕಿದ. "ಯಾರದು ಫೋನು?"

ಮಗಳ ಕೆಳತುಟಿ ನಡುಗತೊಡಗಿತು. "ಅಮ್ಮ, ನಾನೇನು ತಪ್ಪು ಮಾಡ್ದೆ?"

ಶಾಲೆಯವರೆಗೂ ಹುಡುಗಿ ಇವಳ ಸೊಂಟ ಹಿಡಿಯದೆ ಸ್ಕೂಟರಿನ ಹಿಂದೆ ಕೂತಿದ್ದಳು. ಗೇಟಿನಲ್ಲಿ ಮಹಾರಾಣಿ ಕಾದಿದ್ದಳು. ತನ್ನ ಬ್ಯಾಗನ್ನು ತಂದು ಮಗಳ ಹೆಗಲಿಗೆ ಏರಿಸಿ, "ನಡಿಯೇ ಮಂಕುದಿಣ್ಣೆ," ಎಂದಳು. ಅಷ್ಟು ಹೊತ್ತು ಬಾಡಿದ್ದ ಮಗಳ ಮುಖ ಅರಳಿತು. ಅದನ್ನು ನೋಡಿದ್ದೇ ತಡ, ಇವಳ ಜೇನಿನ ಗಡಿಗೆ ಒಡೆದು ಚೂರಾಯಿತು.

"ಏಯ್! ಕೈ ಇಲ್ವೇನೇ ನಿಂಗೆ? ನನ್ನ ಮಗಳೇನು ನಿನ್ನ ಮನೆ ಕತ್ತೇನಾ? ಇಳ್ಸೇ ಅದನ್ನ!"

ಗೇಟಿನಲ್ಲಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. "ಗತ್ತಿನಕ್ಕ!" ಎಂದು ಯಾರೋ ಚೀರಿದರು. ಮರುಕ್ಷಣವೇ ಇಪ್ಪತ್ತು ಪುಟ್ಟ ಕೈಗಳು ಇವಳತ್ತ ಚಾಚಿದವು. "ನಿಲ್ಲಿಸು! ನನಗಿದು ಇಷ್ಟವಿಲ್ಲ!" ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಗಟ್ಟಿಯಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಮಹಾರಾಣಿ. ಇಬ್ಬರು ಆಗಲೇ ದೊಡ್ಡವರಿಗೆ ತಿಳಿಸಲು ಓಡಿದ್ದರು.

ಮಿಸ್ ಬಂದು ಮಹಾರಾಣಿಯನ್ನು ಅವುಚಿಕೊಂಡರು. "ಆಟದಲ್ಲಾದ್ರೆ ಸರಿ ಮೇಡಂ. ಮಕ್ಕಳ ಹತ್ರ ಹೀಗೆಲ್ಲ ಬೇಡ," ಎಂದರು, ತುಂಬ ಮೆತ್ತಗೆ.

ಇಡೀ ಕ್ಲಾಸು ಪಾಠ ಕಲಿತಿತ್ತು. ಕಲಿಯದೆ ಉಳಿದವಳು ಎರಡು ಬ್ಯಾಗ್ ಹೊತ್ತುಕೊಂಡೇ ಬಂದು ಅಮ್ಮನ ಬೆರಳು ಹಿಡಿದಳು.

"ನೀನು ಹೋಗಮ್ಮ. ಅವಳಿಗೆ ಈಗ ಕೋಪ ಬಂದಿರುತ್ತೆ, ನಾನು ನೋಡ್ಕೋತೀನಿ," ಎಂದು ಸಮಾಧಾನ ಮಾಡಿದಳು. "ನಂಗೆ ಅಭ್ಯಾಸ ಇದೆ."