ಉಲ್ಟಾ ಸುತ್ತುವ ಗ್ರಹವನ್ನು ನಾನು ತಿದ್ದಿದ್ದು

ಏನಾದರೂ ತಾಳೆಯಾಗದಿದ್ದರೆ ತಪ್ಪು ನನ್ನದೇ ಎಂದು ಒಪ್ಪಿಕೊಂಡುಬಿಡುವುದು ನನ್ನ ಹುಟ್ಟುಗುಣ. ಒಮ್ಮೆ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹಿರಿಯರು ನನ್ನನ್ನು ಮಾಲೂರಿನ ಮಂಜುನಾಥ ಅಂದುಕೊಂಡು, ಮಗಳ ಮದುವೆಗೆ ಬರಲಿಲ್ಲವೆಂದು ಬೈದರು. ನಾನು ಕ್ಷಮೆ ಕೇಳಿ, ಎರಡನೇ ಮಗಳ ಮದುವೆಗೆ ತಪ್ಪದೆ ಬರುತ್ತೇನೆಂದು ಮಾತು ಕೊಟ್ಟು ಬಂದೆ. ಇದನ್ನು ಜನ ವಿನಯ ಅನ್ನುತ್ತಾರೆ. ನನ್ನ ಹೆಂಡತಿ ವನಜಾ ಪುಕ್ಕಲುತನ ಅನ್ನುತ್ತಾಳೆ. ಈ ಗುಣ ಭೂಮಿಗಷ್ಟೇ ಸೀಮಿತವಾಗಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯುತ್ತಾ ಬಂದಿತ್ತು. ನಾನು ಶ್ರೀನಿವಾಸಪುರದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾ, ಏಳು ವರ್ಷಗಳಿಂದ ಪಿಎಚ್.ಡಿ. ಎಳೆಯುತ್ತಿದ್ದೆ. ವಿಷಯ, ದೂರದ ನಕ್ಷತ್ರವೊಂದನ್ನು ನಾಲ್ಕೇ ದಿನಕ್ಕೊಮ್ಮೆ ಸುತ್ತುವ, ಗುರುವಿನಷ್ಟು ದೊಡ್ಡದಾದ ಹೊಸ ಗ್ರಹ. ನಕ್ಷತ್ರವೂ ಬುಗುರಿಯಂತೆ ತಿರುಗುತ್ತದಲ್ಲ, ಆಗ ಅದರ ಒಂದು ಅಂಚು ನಮ್ಮ ಕಡೆಗೆ ಬರುತ್ತದೆ, ಇನ್ನೊಂದು ಅಂಚು ದೂರ ಸರಿಯುತ್ತದೆ. ಎದುರಿಗೆ ಹಾಯುವ ಗ್ರಹ ಯಾವ ಅಂಚನ್ನು ಮೊದಲು ಮರೆಮಾಡಿತು ಎಂಬುದು ಬೆಳಕಿನ ಬಣ್ಣದಲ್ಲಾಗುವ ಸಣ್ಣ ಬದಲಾವಣೆಯಿಂದ ಗೊತ್ತಾಗುತ್ತದೆ. ನಕ್ಷತ್ರ ತಿರುಗುವ ದಿಕ್ಕಿನಲ್ಲೇ ಗ್ರಹವೂ ಸುತ್ತುತ್ತಿದ್ದರೆ ನಮ್ಮ ಕಡೆಗೆ ಬರುವ ಅಂಚೇ ಮೊದಲು ಮರೆಯಾಗಬೇಕು. ನನ್ನ ಲೆಕ್ಕದಲ್ಲಿ ದೂರ ಸರಿಯುವ ಅಂಚು ಮೊದಲು ಮರೆಯಾಗಿತ್ತು. ಅಂದರೆ ಗ್ರಹ ಉಲ್ಟಾ ಸುತ್ತುತ್ತಿತ್ತು.

ಅಂಥ ಗ್ರಹವನ್ನು ಆವರೆಗೆ ಯಾರೂ ಕಂಡಿದ್ದನ್ನು ನಾನು ಕೇಳಿರಲಿಲ್ಲ. ಸೋಮವಾರ ಕೋಲಾರದ ಕಾಲೇಜೊಂದರಲ್ಲಿ ನನ್ನ ಗೈಡ್ ಈ ಬಗ್ಗೆ ಮಾತಾಡುವವರಿದ್ದರು. ಶನಿವಾರ ಮಧ್ಯಾಹ್ನ ನಾನು ಹಾಳೆಗಳನ್ನು ವನಜಾಳ ಮುಂದೆ ಹರಡಿದೆ. ಅವಳು ಯಲ್ದೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಬೇರೆ ದಾರಿಯಿಂದ ಎರಡು ಸಲ ಲೆಕ್ಕ ಹಾಕಿ, "ಸರಿಯಾಗೇ ಇದೆಯಲ್ರೀ" ಅಂದಳು. ಭಾನುವಾರ ಸಂಜೆ ನಾನು ಸೈಬರ್ ಸೆಂಟರಿಗೆ ಹೋಗಿ, ಉತ್ತರದಲ್ಲಿ ಉಲ್ಟಾ ಎಂದು ಸೂಚಿಸುತ್ತಿದ್ದ ಮೈನಸ್ ಚಿಹ್ನೆಯನ್ನು ಪ್ಲಸ್ ಮಾಡಿ, ಚಿತ್ರವನ್ನು ಅದಕ್ಕೆ ತಕ್ಕಂತೆ ಬದಲಿಸಿ ಗೈಡ್‌ಗೆ ಕಳಿಸಿ ಬಂದೆ.

ಸೋಮವಾರ ಬೆಳಿಗ್ಗೆ ಊಟದ ಡಬ್ಬಿ ಮುಚ್ಚುತ್ತಾ ಅವಳು ಏನು ಕಳಿಸಿದಿರಿ ಎಂದು ಕೇಳಿದಳು. ಹೇಳಿದೆ.

"ಲೆಕ್ಕದಲ್ಲಿ ತಪ್ಪು ಸಿಕ್ತಾ?"

"ಇಲ್ಲ. ಗ್ರಹ ಹಂಗೆ ಸುತ್ತಲ್ವಲ್ಲ."

"ಹಂಗೆ ಸುತ್ತಬಾರ್ದು ಅಂತ ಅದಕ್ಕೆ ಯಾರು ಹೇಳಿದ್ದು?"

ಅವಳು ಬೈಯಲಿಲ್ಲ. ತನ್ನ ಲೆಕ್ಕದ ಹಾಳೆಯನ್ನು ಮಡಿಸಿ ನನ್ನ ಜೇಬಿಗಿಟ್ಟು, "ಹನ್ನೊಂದಕ್ಕೆ ಅಲ್ವಾ? ಹೋಗಿ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಗೈಡ್‌ಗೆ ಫೋನು ಮಾಡಿದರೆ ಅದು ಸ್ವಿಚ್ ಆಫ್ ಆಗಿತ್ತು.

ಸಿಕ್ಕಿದ್ದು ಊರೂರಿಗೂ ನಿಲ್ಲುವ ಬಸ್ಸು. ಮಾವಿನ ಕಾಲ ಬೇರೆ. ಒಂದು ತೋಟದ ಗೇಟಿನ ಮುಂದೆ ನಿಲ್ಲಿಸಿ, ಟಾಪಿನ ಮೇಲೆ ಬುಟ್ಟಿಗಳನ್ನು ಏರಿಸತೊಡಗಿದರು. ಹತ್ತೂಕಾಲಾಯಿತು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ನಾನು ಪದೇ ಪದೇ ಗಡಿಯಾರ ನೋಡುವುದನ್ನು ಕಂಡು ಕಂಡಕ್ಟರ್ ಬಂದ.

"ಏಂ ಸಾರ್, ಆಸ್ಪತ್ರೆ ಕೇಸಾ?"

"ಅಲ್ಲಪ್ಪಾ. ಒಂದು ಗ್ರಹ ಉಲ್ಟಾ ಸುತ್ತುತ್ತಾ ಇದೆ."

ಅವನ ಮುಖದಲ್ಲಿ ನಿಜವಾದ ಮರುಕ ಕಾಣಿಸಿತು. "ಮುಳಬಾಗ್ಲಲ್ಲಿ ಒಳ್ಳೆ ಪುರೋಹಿತ್ರು ಅವ್ರೆ ಸಾರ್. ಒಂದು ಶಾಂತಿ ಮಾಡಿಸ್ಬಿಡಿ, ಸರಿ ಹೋಗುತ್ತೆ" ಅಂದವನೇ ಟಾಪಿನ ಕಡೆ ತಿರುಗಿ, "ಬೇಗ ಎತ್ರಪ್ಪಾ, ಮೇಷ್ಟ್ರಿಗೆ ಟೈಮ್ ಸರಿಯಿಲ್ಲ" ಎಂದು ಕೂಗಿದ.

ನಾನು ಹಾಲ್‌ನೊಳಗೆ ನುಗ್ಗುವ ಹೊತ್ತಿಗೆ ನನ್ನ ಸುಳ್ಳು ಚಿತ್ರ ಪರದೆಯ ಮೇಲಿತ್ತು. ಸುತ್ತಮುತ್ತಲ ಕಾಲೇಜುಗಳ ಮೇಷ್ಟರುಗಳೆಲ್ಲ ಬರೆದುಕೊಳ್ಳುತ್ತಿದ್ದರು. ಮುಗಿದ ಮೇಲೆ ಮೆಲ್ಲಗೆ ಹೇಳಿದರಾಯಿತು ಎಂದು ಹಿಂದಿನ ಬೆಂಚಿನಲ್ಲಿ ಕೂತೆ. ಅಷ್ಟರಲ್ಲಿ ಗೈಡ್, "ಈ ಗ್ರಹವೂ ನಿರೀಕ್ಷೆಯಂತೆಯೇ ಸುತ್ತುತ್ತಿದೆ. ನಮ್ಮ ಹುಡುಗ ಬಹಳ ಎಚ್ಚರದಿಂದ ಲೆಕ್ಕ ಮಾಡಿದ್ದಾನೆ" ಅಂದರು. ಆ ಹೊಗಳಿಕೆಯನ್ನು ತಡೆದುಕೊಳ್ಳಲಾಗದೆ ಎದ್ದು ನಿಂತೆ.

"ಸಾರ್, ಆ ಚಿಹ್ನೆ ತಪ್ಪು. ನಾನೇ ಬದಲಾಯಿಸಿದ್ದು."

ಗೈಡ್ ಕನ್ನಡಕ ತೆಗೆದರು. "ಯಾವ ಆಧಾರದ ಮೇಲೆ?"

"ಹೆದರಿಕೆ ಮೇಲೆ, ಸಾರ್."

ಯಾರೋ ನಕ್ಕರು. ಗೈಡ್ ನಗಲಿಲ್ಲ. ಆ ಚಿತ್ರವನ್ನು ಪರದೆಯಿಂದ ತೆಗೆದು, ಉಳಿದದ್ದನ್ನು ಹತ್ತೇ ನಿಮಿಷದಲ್ಲಿ ಮುಗಿಸಿದರು. ಆಮೇಲೆ ವರಾಂಡದಲ್ಲಿ ನನ್ನ ಜೇಬಿನ ಹಾಳೆ ತೆಗೆದುಕೊಂಡು ಬಹಳ ಹೊತ್ತು ಓದಿದರು. ಏಳು ವರ್ಷದ ಕೆಲಸ ಅವರ ಎರಡು ಬೆರಳುಗಳ ನಡುವೆ ಗಾಳಿಗೆ ಅಲ್ಲಾಡುತ್ತಿತ್ತು.

"ಇದನ್ನು ಮಾಡಿದ್ದು ಯಾರು?"

"ನಮ್ಮ ಮನೆಯವರು, ಸಾರ್."

"ಇನ್ನು ಮೇಲೆ ಅವರು ನೋಡಿದ ಮೇಲೆ ನೀವು ಮುಟ್ಟಬೇಡಿ."

ಗ್ರಹವನ್ನು ದೊಡ್ಡ ದೂರದರ್ಶಕದಲ್ಲಿ ಮತ್ತೆ ನೋಡಿಸಲು ತಿಂಗಳುಗಳೇ ಹಿಡಿದವು. ನಿಜವಾಗಿಯೂ ಅದು ಉಲ್ಟಾ ಸುತ್ತುತ್ತಿತ್ತು. ಆದರೆ ಅಷ್ಟರಲ್ಲಿ ಹೊರದೇಶದವರು ಅಂಥವೇ ಬೇರೆ ಗ್ರಹಗಳನ್ನು ಕಂಡು ಸಾರಿಬಿಟ್ಟಿದ್ದರು. ನಮ್ಮದು ಮೊದಲನೆಯದಾಗಲಿಲ್ಲ, ಸಾಲಿನಲ್ಲಿ ಇನ್ನೊಂದಾಯಿತು. ಹೇಗೋ ನನಗೆ ಡಾಕ್ಟರೇಟ್ ಬಂತು.

ಈಗಲೂ ಮನೆಗೆ ನೆಂಟರು ಬಂದರೆ ವನಜಾ ಕಾಫಿ ಕೊಡುತ್ತಾ, "ಒಂದು ಗ್ರಹ ಉಲ್ಟಾ ಸುತ್ತುತ್ತೆ ಅಂತ ಇವ್ರೇ ಕಂಡುಹಿಡಿದಿದ್ದು. ಆಮೇಲೆ ಅದನ್ನ ನೆಟ್ಟಗೆ ಮಾಡಿದ್ದೂ ಇವ್ರೇ" ಅನ್ನುತ್ತಾಳೆ. ಮೊದಲನೆಯ ಮಾತನ್ನು ಯಾರೂ ನಂಬುವುದಿಲ್ಲ. ಎರಡನೆಯದಕ್ಕೆ ಮಾತ್ರ, ನನ್ನ ಮುಖವನ್ನೊಮ್ಮೆ ನೋಡಿ, ತಕ್ಷಣ ತಲೆಯಾಡಿಸುತ್ತಾರೆ.